ಮನೆ ಪಕ್ಕದ ಸಂದಿಯಲ್ಲಿ ಕುಸಿದ ಕಾಂಕ್ರೀಟ್: ಪೂರ್ತಿ ಒಡೆಯದೆ ಎತ್ತಿ ಕೂರಿಸುವ ಕೆಲಸ

ಮೈಸೂರಿನ ನಮ್ಮ ಮನೆ 30×40ರ ಸೈಟಿನಲ್ಲಿದೆ. ಗೇಟಿನಿಂದ ಹಿತ್ತಲ ನಲ್ಲಿಯವರೆಗೆ, ಗೋಡೆಗೂ ಕಾಂಪೌಂಡಿಗೂ ನಡುವೆ 3 ಅಡಿ ಅಗಲದ ಸಂದಿ. ಅದರ ತುಂಬ ಎರಡೂವರೆ ಇಂಚು ದಪ್ಪದ ಕಾಂಕ್ರೀಟ್ ಹಾಸು. ಅಡುಗೆಮನೆಯ ಮೂಲೆಯಲ್ಲಿ, ತಾರಸಿಯ ಮಳೆನೀರಿನ ಪೈಪ್ ಇಳಿಯುವ ಜಾಗದಲ್ಲಿ, ಆ ಹಾಸು 2 ಇಂಚು ಕೆಳಗೆ ಕೂತುಬಿಟ್ಟಿತ್ತು. ಒಂದು ದಿನ ಅಮ್ಮ ಬಟ್ಟೆಯ ಬಕೆಟ್ ಹಿಡಿದು ಹೋಗುವಾಗ ಹೆಬ್ಬೆರಳು ಅದರ ಅಂಚಿಗೆ ತಗುಲಿ ಬಿದ್ದರು. ಮಂಡಿ ತರಚಿದ್ದಷ್ಟೇ, ಮೂಳೆಗೆ ಏನೂ ಆಗಲಿಲ್ಲ. ಅವರಿಗೆ 72 ವರ್ಷ. ಆ 2 ಇಂಚನ್ನು ದಿನವೂ ನೋಡುತ್ತ ದಾಟಿಹೋಗಿದ್ದೆನಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ. ನಿಮ್ಮ ಮನೆಯಲ್ಲೂ ಇಂಥ ಜಾಗ ಇದ್ದರೆ ಮುಂದೂಡಬೇಡಿ. ಮೂವರು ಸೇರಿ ಎರಡು ದಿನದಲ್ಲಿ ಮುಗಿಸಬಹುದಾದ ಕೆಲಸ ಇದು.

ಅದಕ್ಕೂ ಮೊದಲು ಒಂದು ಸಲ ಗಾರೆಯವರನ್ನು ಕರೆಸಿದ್ದೆ. "ಮೇಲೆ ಒಂದಿಂಚು ಎಳೆದುಬಿಡೋಣ ಸಾರ್, ಮಟ್ಟ ಆಗತ್ತೆ" ಅಂದರು. ಹಾಗೇ ಮಾಡಿಸಿದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಗಾರೆ ಅಂಚುಗಳಲ್ಲಿ ಚಕ್ಕೆ ಚಕ್ಕೆಯಾಗಿ ಎದ್ದಿತು, ಹಾಸು ಮತ್ತಷ್ಟು ಕುಸಿಯಿತು. ಆಗಬೇಕಾದದ್ದೇ ಆಗಿತ್ತು. ಕೆಳಗಿನ ಮಣ್ಣು ಜಾರಿ ಟೊಳ್ಳಾಗಿದ್ದಾಗ ಮೇಲೆ ಭಾರ ಹೇರಿದರೆ ಅದು ಇನ್ನೂ ಇಳಿಯುತ್ತದೆ. ಸೊನ್ನೆ ದಪ್ಪಕ್ಕೆ ತೆಳುವಾಗಿ ಎಳೆದ ಗಾರೆಯ ಅಂಚು ಯಾವ ಹಳೆಯ ಕಾಂಕ್ರೀಟಿನ ಮೇಲೂ ಬಾಳುವುದಿಲ್ಲ. ಕುಸಿತ ಅರ್ಧ ಇಂಚಿಗಿಂತ ಕಡಿಮೆ ಇದ್ದು ಎಡವುವುದಷ್ಟೇ ತೊಂದರೆಯಾದರೆ, ಎತ್ತರವಾಗಿ ಉಳಿದ ಅಂಚನ್ನು ಗ್ರೈಂಡರಿನಿಂದ ಇಳಿಜಾರಾಗಿ ಉಜ್ಜಿಬಿಡಿ, ಸಾಕು. ಅದಕ್ಕಿಂತ ಹೆಚ್ಚಿದ್ದರೆ ಎತ್ತಲೇಬೇಕು.

ಮೊದಲು ನೀರಿನ ಜಾಡು ಹಿಡಿಯಿರಿ

ಹಾಸು ಕುಸಿದಿದೆ ಎಂದರೆ ಅದರ ಕೆಳಗಿನ ಮಣ್ಣು ಎಲ್ಲಿಗೋ ಹೋಗಿದೆ ಅಥವಾ ಕುಗ್ಗಿ ಅಡಗಿದೆ. ಮನೆ ಕಟ್ಟುವಾಗ ಪಾಯಕ್ಕೆ ತೋಡಿದ ಕಾಲುವೆಯನ್ನು ಆಮೇಲೆ ಸಡಿಲ ಮಣ್ಣು, ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಏನು ಸಿಕ್ಕರೆ ಅದನ್ನು ಹಾಕಿ ಮುಚ್ಚಿರುತ್ತಾರೆ. ಪದರ ಪದರವಾಗಿ ದಮ್ಮಸು ಹೊಡೆದಿರುವುದಿಲ್ಲ. ಸಂಪಿನ ಸುತ್ತಲೂ ಇದೇ ಕಥೆ: ಗುಂಡಿಯನ್ನು ದೊಡ್ಡದಾಗಿ ತೋಡಿ, ತೊಟ್ಟಿ ಕಟ್ಟಿದ ಮೇಲೆ ಉಳಿದ ಸಂದಿಗೆ ಮಣ್ಣು ಸುರಿದಿರುತ್ತಾರೆ. ಅಂಥ ಜಾಗಕ್ಕೆ ನೀರು ಇಳಿದರೆ ಮಣ್ಣು ಅಡಗುತ್ತದೆ, ಇಲ್ಲವೇ ಕೊಚ್ಚಿಹೋಗುತ್ತದೆ.

ಆದ್ದರಿಂದ ಹಾರೆ ಹಿಡಿಯುವ ಮೊದಲೇ ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆಮಾಡಿ. ಮಳೆ ಬರುವಾಗ ಕೊಡೆ ಹಿಡಿದು ಹತ್ತು ನಿಮಿಷ ಅಲ್ಲೇ ನಿಂತು ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ತಾರಸಿಯ ಪೈಪ್ ನೇರ ಹಾಸಿನ ಮೇಲೆ ಸುರಿಯುತ್ತಿದ್ದರೆ ಅದೇ ಕಳ್ಳ. ಮಳೆ ಇಲ್ಲದ ದಿನವೂ ಜಾಗ ತೇವ ಇದ್ದರೆ ಪೈಪ್ ಸೋರುತ್ತಿರಬಹುದು. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಸಂಪಿನ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ, ಸಂಪಿಗೆ ಬರುವ ವಾಲ್ವನ್ನೂ ಮುಚ್ಚಿ. ಬೆಳಿಗ್ಗೆ ಸಂಪಿನ ಮಟ್ಟ ಇಳಿದಿದ್ದರೆ ಸಂಪೇ ಸೋರುತ್ತಿದೆ. ಮೀಟರ್ ತಿರುಗಿದ್ದರೆ ಮೀಟರಿಗೂ ವಾಲ್ವಿಗೂ ನಡುವಿನ ಪೈಪ್ ಒಡೆದಿದೆ. ಒಳಚರಂಡಿಯ ಛೇಂಬರ್ ಮುಚ್ಚಳ ತೆಗೆದು ಗೋಡೆಯಲ್ಲಿ ಬಿರುಕಿದೆಯೇ, ಪೈಪ್ ಸೇರುವಲ್ಲಿ ಮಣ್ಣು ಒಳಬರುತ್ತಿದೆಯೇ ನೋಡಿ. ಕಾಂಪೌಂಡ್ ಬುಡದಲ್ಲಿ ಹೆಗ್ಗಣದ ಬಿಲ ಇದ್ದರೆ ಅದೂ ಕಾರಣವೇ. ಒಂದು ಹೆಗ್ಗಣ ಬುಟ್ಟಿಗಟ್ಟಲೆ ಮಣ್ಣು ಹೊರಹಾಕುತ್ತದೆ, ಆ ಬಿಲದಲ್ಲೇ ಮಳೆನೀರು ನುಗ್ಗುತ್ತದೆ.

ನಮ್ಮ ಮನೆಯಲ್ಲಿ ಕಳ್ಳ ಪೈಪೇ. 4 ಇಂಚಿನ ಪಿವಿಸಿ ಬೆಂಡ್ ಹಾಕಿ, ಕಾಂಪೌಂಡ್ ಬುಡದ ಗುಂಟ ಪೈಪ್ ಎಳೆದು ರಸ್ತೆಯ ಮಳೆನೀರಿನ ಚರಂಡಿಗೆ ಬಿಟ್ಟೆವು. ಇಂಗುಗುಂಡಿಗೆ ಬಿಡುವುದಾದರೆ ಇನ್ನೂ ಒಳ್ಳೆಯದು, ಆದರೆ ಆ ಗುಂಡಿ ಪಾಯದಿಂದ 10 ಅಡಿಯಾದರೂ ದೂರ ಇರಲಿ. ಮಳೆನೀರನ್ನು ಒಳಚರಂಡಿಗೆ ಮಾತ್ರ ಬಿಡಬೇಡಿ. ಜೋರು ಮಳೆಯಲ್ಲಿ ಅದು ತುಂಬಿ ಯಾರದೋ ಮನೆಯ ಬಚ್ಚಲಲ್ಲಿ ಉಕ್ಕುತ್ತದೆ. ನೀರನ್ನು ತಿರುಗಿಸದೆ ಹಾಸನ್ನು ಎತ್ತಿದರೆ ಮುಂದಿನ ಮಳೆಗಾಲಕ್ಕೆ ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ನಿಮ್ಮ ಕೈಯ ಕೆಲಸವಲ್ಲದ ಸಂದರ್ಭಗಳೂ ಇವೆ. ಮನೆಯ ಗೋಡೆಯಲ್ಲೇ ಮೆಟ್ಟಿಲಿನಂತೆ ಏರುವ ಬಿರುಕು ಕಂಡರೆ ಪಾಯ ಕೂರುತ್ತಿರಬಹುದು, ಎಂಜಿನಿಯರನ್ನು ಕರೆಸಿ. ಹಳೆಯ ಬಾವಿ, ಕಕ್ಕಸು ಗುಂಡಿ, ಸೆಪ್ಟಿಕ್ ಟ್ಯಾಂಕ್ ಇದ್ದ ಜಾಗದಲ್ಲಿ ಕುಸಿದಿದ್ದರೆ ಆ ಹಾಸಿನ ಮೇಲೆ ನಿಲ್ಲಲೇಬೇಡಿ, ಮಕ್ಕಳು ಹೋಗದಂತೆ ಅಡ್ಡಕಟ್ಟಿ. ಕೆಳಗೆ ಆಳುದ್ದದ ಪೊಳ್ಳು ಇರಬಹುದು. ಗ್ಯಾಸ್ ಪೈಪ್ ಅಥವಾ ಕರೆಂಟಿನ ಕೇಬಲ್ ಆ ದಾರಿಯಲ್ಲಿ ಹೂತಿದ್ದರೆ ಅದು ಸರಿಯಾಗಿ ಎಲ್ಲಿ ಹೋಗುತ್ತದೆ ಎಂದು ಗೊತ್ತಾಗುವವರೆಗೆ ಚಾಣ ಇಡಬೇಡಿ.

ಹುಬ್ಬಳ್ಳಿ, ಗದಗ, ವಿಜಯಪುರ, ರಾಯಚೂರು ಕಡೆಯ ಎರೆಮಣ್ಣಿನವರಿಗೆ ಬೇರೆಯೇ ಮಾತು ಹೇಳಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹಾಸು ಅದರ ಜೊತೆ ಏರಿ ಇಳಿಯುತ್ತಲೇ ಇರುತ್ತದೆ, ಎತ್ತಿ ಕೂರಿಸಿದರೂ ನಿಲ್ಲದು. ಅಲ್ಲಿ ಹಳೆಯ ಹಾಸನ್ನು ತೆಗೆದು, ಒಂದೂವರೆ ಎರಡು ಅಡಿ ಎರೆಮಣ್ಣು ಹೊರಹಾಕಿ, ಗರಸು ತುಂಬಿ ದಮ್ಮಸು ಹೊಡೆದು, ಮೇಲೆ ಬಿಡಿ ಪೇವರ್ ಅಥವಾ ಶಹಾಬಾದ್ ಕಲ್ಲು ಹಾಸುವುದೇ ಸರಿ. ಬಿಡಿ ಕಲ್ಲು ಕುಸಿದರೂ ಅದೊಂದನ್ನೇ ಎತ್ತಿ ಕೂರಿಸಬಹುದು. ಮುಂದೆ ಹೇಳುವುದೆಲ್ಲ ನಮ್ಮ ಕಡೆಯ ಕೆಂಪುಮಣ್ಣಿಗೆ ಅನ್ವಯಿಸುತ್ತದೆ.

ಸಾಮಾನು

50 ಕೆಜಿಯ ಸಿಮೆಂಟ್ ಒಂದು ಚೀಲ. ಕ್ರಷರಿನ ಕಲ್ಲುಪುಡಿ ಐದಾರು ಚೀಲ, ಅಂಗಡಿಯಲ್ಲಿ ಡಸ್ಟ್ ಅಂದರೆ ಕೊಡುತ್ತಾರೆ. ಎಂ ಸ್ಯಾಂಡ್ (ಕಲ್ಲು ಅರೆದು ಮಾಡಿದ ಮರಳು) ಒಂದು ಚೀಲ, ಮುಕ್ಕಾಲು ಇಂಚಿನ ಜಲ್ಲಿ ಎರಡು ಚೀಲ. 5 ಅಡಿಯ ಹಾರೆ ಎರಡು, ಸುತ್ತಿಗೆ, ಚಾಣ, ಸಲಿಕೆ, ಬಾಂಡ್ಲಿ, ಕರಣೆ, ರಸಮಟ್ಟ, ಲೆವೆಲ್ ಪೈಪ್, 2 ಇಂಚು ಅಗಲದ ಮರದ ರೀಪರ್ ಒಂದು. 4 ಇಂಚಿನ ಗ್ರೈಂಡರ್ ಮತ್ತು ಕಾಂಕ್ರೀಟ್ ಕತ್ತರಿಸುವ ಡೈಮಂಡ್ ಚಕ್ರ, ಹ್ಯಾಮರ್ ಡ್ರಿಲ್ಲು, ಇವನ್ನು ದಿನದ ಬಾಡಿಗೆಗೆ ತರಬಹುದು. ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ಗಟ್ಟಿ ಬೂಟು ಇರಲೇಬೇಕು. ಕಾಂಕ್ರೀಟ್ ಕುಯ್ಯುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ಪಂಚೆಯ ತುದಿಯನ್ನು ಮೂಗಿಗೆ ಕಟ್ಟಿಕೊಂಡರೆ ಅದು ತಡೆಯುವುದೂ ಇಲ್ಲ.

ಕಾಲವನ್ನೂ ಆರಿಸಿಕೊಳ್ಳಿ. ಜನವರಿಯಿಂದ ಮಾರ್ಚ್ ಒಳ್ಳೆಯದು. ಜೂನ್‌ನಲ್ಲಿ ನೆಲ ಕೆಸರಾಗಿದ್ದಾಗ ಹಾರೆಗೆ ಆನಿಕೆಯೇ ನಿಲ್ಲುವುದಿಲ್ಲ.

ಗುರುತು ಹಾಕುವುದು

ಸುತ್ತಿಗೆಯ ಹಿಡಿಯಿಂದ ಹಾಸನ್ನು ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ನೆಲ ಇರುವಲ್ಲಿ ಮೊಂಡು ಸದ್ದು, ಟೊಳ್ಳಿರುವಲ್ಲಿ ಮಡಕೆ ತಟ್ಟಿದಂಥ ಸದ್ದು. ಸದ್ದು ಬದಲಾಗುವ ಗೆರೆಗೆ ಸೀಮೆಸುಣ್ಣ ಎಳೆಯಿರಿ. ನಮ್ಮಲ್ಲಿ ಟೊಳ್ಳು 5 ಅಡಿ ಉದ್ದಕ್ಕಿತ್ತು. ಒಂದು ತುದಿಯಲ್ಲಿ ಏನೂ ಕುಸಿದಿಲ್ಲ, ಪೈಪ್ ಕಡೆಯ ತುದಿಯಲ್ಲಿ 2 ಇಂಚು.

ಆಮೇಲೆ ಲೆವೆಲ್ ಪೈಪ್. ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕುಸಿಯದ ಕಡೆಯ ಮಟ್ಟವನ್ನು ಗೋಡೆಯ ಮೇಲೂ ಕಾಂಪೌಂಡಿನ ಮೇಲೂ ಪೆನ್ಸಿಲ್ಲಿನಿಂದ ಗುರುತಿಸಿ. ಗೋಡೆಯಿಂದ ಕಾಂಪೌಂಡಿನ ಕಡೆಗೆ ಅಡಿಗೆ ಕಾಲು ಇಂಚಿನ ಇಳಿಜಾರು ಬೇಕು. 3 ಅಡಿ ಅಗಲಕ್ಕೆ ಮುಕ್ಕಾಲು ಇಂಚು. ಕುಸಿದ ಹಾಸುಗಳಲ್ಲಿ ಸಾಮಾನ್ಯವಾಗಿ ಇಳಿಜಾರು ಗೋಡೆಯ ಕಡೆಗೆ ತಿರುಗಿರುತ್ತದೆ. ಅಡುಗೆಮನೆಯ ಒಳಗೋಡೆ ಬುಡದಲ್ಲಿ ಬಣ್ಣ ಉದುರುತ್ತಿದ್ದರೆ ಅದಕ್ಕೂ ಈ ಹಾಸಿಗೂ ನಂಟಿರಬಹುದು.

ಬಿಡಿಸುವುದು

ನಮ್ಮ ಮನೆಗಳ ಪಕ್ಕದ ಕಾಂಕ್ರೀಟನ್ನು ಹೆಚ್ಚಾಗಿ ಉದ್ದಕ್ಕೂ ಒಂದೇ ಹಾಸಾಗಿ ಹಾಕಿರುತ್ತಾರೆ, ನಡುವೆ ಜಾಯಿಂಟ್ ಇರುವುದಿಲ್ಲ. ಗೋಡೆಗೂ ಗಾರೆ ಹಿಡಿದಿರುತ್ತದೆ. ಎಲ್ಲ ಕಡೆಯಿಂದ ಬಿಡಿಸದೆ ಎತ್ತಲು ಹೋದರೆ ಹಾಸು ಸೀಳುತ್ತದೆ, ಇಲ್ಲವೇ ಗೋಡೆಯ ಪ್ಲಾಸ್ಟರ್ ಕಿತ್ತುಬರುತ್ತದೆ.

ಟೊಳ್ಳು ಶುರುವಾಗುವ ಗೆರೆಯಲ್ಲಿ ಅಡ್ಡಕ್ಕೆ ಒಂದು ಕುಯ್ತ. ಗೋಡೆಯ ಗುಂಟ, ಕಾಂಪೌಂಡಿನ ಗುಂಟ ಒಂದೊಂದು. ನಾಲ್ಕನೆಯದು ಮುಖ್ಯ: ಅತಿ ಹೆಚ್ಚು ಕುಸಿದ ತುದಿಯಲ್ಲಿ ಒಂದು ಅಡಿ ಅಗಲದ ಪಟ್ಟಿಯನ್ನು ಎರಡು ಕಡೆ ಕುಯ್ದು, ಆ ಪಟ್ಟಿಯನ್ನು ಪೂರ್ತಿ ಒಡೆದು ತೆಗೆಯಿರಿ. ಹಾರೆ ಇಳಿಸಲು, ಒಳಗೆ ನೋಡಲು, ಪುಡಿ ತುರುಕಲು ಬಾಗಿಲು ಅದೇ. ಕೊನೆಯಲ್ಲಿ ಅಲ್ಲಿ ಹೊಸ ಕಾಂಕ್ರೀಟ್ ಹಾಕುತ್ತೀರಿ. ಈ ಒಂದಡಿಯನ್ನು ಉಳಿಸಲು ಹೋಗಬೇಡಿ. ಅದಿಲ್ಲದೆ ಮಾಡುವ ಕೆಲಸವೆಲ್ಲ ಕಣ್ಣು ಕಟ್ಟಿಕೊಂಡು ಮಾಡಿದಂತೆ.

4 ಇಂಚಿನ ಚಕ್ರ ಒಂದು ಇಂಚಿನಷ್ಟು ಆಳಕ್ಕೆ ಮಾತ್ರ ಇಳಿಯುತ್ತದೆ. ಉಳಿದದ್ದನ್ನು ಆ ಗೆರೆಯಲ್ಲೇ ಚಾಣ ಇಟ್ಟು, ಒಂದೇ ಕಡೆ ಬಲವಾಗಿ ಹೊಡೆಯದೆ, ಉದ್ದಕ್ಕೂ ಹಗುರವಾಗಿ ನಾಲ್ಕೈದು ಸುತ್ತು ಹೊಡೆಯುತ್ತ ಬಿಡಿಸಿ. ಬದಿಗಳಲ್ಲಿ ಅರ್ಧ ಇಂಚಿನ ಅಂತರದಲ್ಲಿ ಜೋಡಿ ಕುಯ್ತ ಹಾಕಿ ನಡುವಿನದನ್ನು ಕೆತ್ತಿ ತೆಗೆದರೆ ಎತ್ತುವಾಗ ಅಂಚು ಉಜ್ಜುವುದಿಲ್ಲ. ದೂಳು ಅಡಗಲೆಂದು ಗ್ರೈಂಡರಿನ ಮೇಲೆ ನೀರು ಸುರಿಯಬೇಡಿ, ಕರೆಂಟು ಹೊಡೆಯುತ್ತದೆ. ಮೊದಲೇ ನೆಲಕ್ಕೆ ನೀರು ಚಿಮುಕಿಸಿ, ಅದು ಹೀರಿದ ಮೇಲೆ ಕುಯ್ಯಿರಿ.

ಎತ್ತುವುದು

ಈಗ ನಮ್ಮ ಮುಂದೆ 4 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಇಂಚು ದಪ್ಪದ ಬಿಡಿ ತುಂಡು. ಕಾಂಕ್ರೀಟು ಘನ ಮೀಟರಿಗೆ ಸುಮಾರು 2400 ಕೆಜಿ ತೂಗುತ್ತದೆ. ಆ ಲೆಕ್ಕದಲ್ಲಿ ಈ ತುಂಡಿನ ತೂಕ ಸುಮಾರು 170 ಕೆಜಿ. ಕೇಳಿದರೆ ಭಯವಾಗುತ್ತದೆ. ಆದರೆ ನಾವು ಒಂದು ತುದಿಯನ್ನಷ್ಟೇ ಎತ್ತುವುದು, ಇನ್ನೊಂದು ತುದಿ ನೆಲದ ಮೇಲೇ ಇರುತ್ತದೆ. ಹಾಗಾಗಿ ಎತ್ತುವ ತುದಿಗೆ ಬೀಳುವುದು ಅರ್ಧ ತೂಕ, 85 ಕೆಜಿ. 5 ಅಡಿಯ ಹಾರೆಯ ಮೊನೆಯಿಂದ 4 ಇಂಚಿಗೆ ಆನಿಕೆ ಕೊಟ್ಟರೆ ನಿಮ್ಮ ಕೈಯ ಕಡೆ 56 ಇಂಚು ಉಳಿಯುತ್ತದೆ, ಅಂದರೆ ಬಲ 14 ಪಟ್ಟು. 85 ಕೆಜಿಯನ್ನು ಎತ್ತಲು ಕೈಗೆ ಬೇಕಾದದ್ದು 6 ಕೆಜಿಯ ಒತ್ತು. ಮಣ್ಣಿನ ಹಿಡಿತ, ಅಂಚಿನ ಉಜ್ಜಾಟ ಸೇರಿ ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಹಾಗಿದ್ದರೂ ಇಬ್ಬರ ಕೈಗೆ ಅದು ದೊಡ್ಡದಲ್ಲ.

ಒಡೆದ ಪಟ್ಟಿಯ ಜಾಗದಲ್ಲಿ ಗೇಣುದ್ದದ ಗುಂಡಿ ತೋಡಿ, ಆನಿಕೆಗೆ ಚಪ್ಪಟೆ ಕಲ್ಲಿನ ಚೂರು ಇಡಿ. ಇಟ್ಟಿಗೆ ಬೇಡ, ನುರಿದುಹೋಗುತ್ತದೆ. ತುಂಡಿನ ಎರಡು ಮೂಲೆಗೂ ಒಂದೊಂದು ಹಾರೆ ಇಟ್ಟು ಇಬ್ಬರೂ ಒಟ್ಟಿಗೆ ಒತ್ತಬೇಕು, ಇಲ್ಲದಿದ್ದರೆ ತುಂಡು ತಿರುಚಿ ಮೂಲೆ ಮುರಿಯುತ್ತದೆ. ನಾನೂ ನನ್ನ ಭಾವನೂ ಹಾರೆ ಹಿಡಿದೆವು, ಭಾವನ ಮಗ ಕಲ್ಲು ತಳ್ಳಲು ನಿಂತ. "ಭಾವ, ಇನ್ನು ಅರ್ಧ ಇಂಚು ಸಾಕು, ಹಾಗೇ ಹಿಡೀರಿ" ಅನ್ನುತ್ತಿದ್ದಂತೆ ಅವನು ಗ್ರಾನೈಟ್ ಚೂರನ್ನು ಕೋಲಿನಿಂದ ಅಡಿಗೆ ತಳ್ಳುತ್ತಿದ್ದ. ಕೋಲಿನಿಂದಲೇ ತಳ್ಳಬೇಕು. ಒಂದು ಕ್ಷಣಕ್ಕೂ ಯಾರ ಬೆರಳೂ ಹಾಸಿನ ಅಡಿಗೆ ಹೋಗಬಾರದು. ಈ ಒಂದು ವಿಷಯದಲ್ಲಿ ನಾನು ಹಿರಿಯರು ಕಿರಿಯರು ಎನ್ನದೆ ಎಲ್ಲರಿಗೂ ಗದರಿದ್ದೇನೆ.

ಅರ್ಧ ಇಂಚು ಎತ್ತಿ, ಚೂರು ಇಟ್ಟು, ಇಳಿಸಿ, ಮತ್ತೆ ಅರ್ಧ ಇಂಚು. ಗೋಡೆಯ ಗುರುತಿಗಿಂತ ಕಾಲು ಇಂಚು ಮೇಲಕ್ಕೆ ಬಂದಾಗ ನಿಲ್ಲಿಸಿ. ತುಂಬಿದ ಪುಡಿ ಅಷ್ಟು ಅಡಗುತ್ತದೆ. ಅಡಿಯಲ್ಲಿ ಇಡುವ ಚೂರುಗಳು ಕಲ್ಲಿನವೇ ಆಗಿರಲಿ. ಮರದ ತುಂಡು ಇಟ್ಟು ಹಾಗೇ ಮುಚ್ಚಿದರೆ ಗೆದ್ದಲಿಗೆ ಊಟ ಬಡಿಸಿದಂತೆ, ಅದು ತಿಂದು ಮುಗಿಸಿದ ದಿನ ಅಲ್ಲೊಂದು ಹೊಸ ಟೊಳ್ಳು.

ತುಂಬುವುದು

ಟಾರ್ಚ್ ಹಿಡಿದು ಅಡಿಗೆ ನೋಡಿ. ಬೇರು, ಪ್ಲಾಸ್ಟಿಕ್, ಸಡಿಲ ಮಣ್ಣು ಕಂಡದ್ದನ್ನೆಲ್ಲ ಉದ್ದ ಕೋಲಿನಿಂದ ಕೆದಕಿ ಹೊರಗೆಳೆಯಿರಿ. ನಮ್ಮ ಹಾಸಿನ ಕೆಳಗೆ ಮೂರು ಖಾಲಿ ಸಿಮೆಂಟ್ ಚೀಲ ಸಿಕ್ಕವು.

ತುಂಬಲು ಹತ್ತು ಪಾಲು ಕಲ್ಲುಪುಡಿಗೆ ಒಂದು ಪಾಲು ಸಿಮೆಂಟ್ ಸೇರಿಸಿ, ನೀರನ್ನು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಹೆಚ್ಚು ನೀರು ಹಾಕಿದರೆ ಆರಿದ ಮೇಲೆ ಕುಗ್ಗಿ ಮತ್ತೆ ಸಂದು ಬೀಳುತ್ತದೆ. ಬರಿಯ ಮಣ್ಣು ಮಾತ್ರ ಬೇಡ. ಕಲ್ಲುಪುಡಿಯ ಕಣಗಳು ಕೋನ ಕೋನವಾಗಿದ್ದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಸಿಮೆಂಟ್ ಸೇರಿದ್ದರಿಂದ ನೀರಿಗೂ ಸುಲಭವಾಗಿ ಕೊಚ್ಚಿಹೋಗುವುದಿಲ್ಲ. ಹೆಗ್ಗಣಕ್ಕೂ ತೋಡುವುದು ಕಷ್ಟ.

ಸ್ವಲ್ಪ ಸ್ವಲ್ಪವೇ ಹಾಕಿ ರೀಪರಿನಿಂದ ಅತಿ ಒಳಗಿನ ಮೂಲೆಗೆ ತಳ್ಳಿ ಗಿಡಿಯಿರಿ. ರೀಪರಿನ ಹಿಂದಿನ ತುದಿಗೆ ಸುತ್ತಿಗೆಯಿಂದ ಕುಟ್ಟಿದರೆ ಒಳಗೆ ಗಟ್ಟಿಯಾಗುತ್ತ ಬರುತ್ತದೆ. ಇದು ಬೇಸರದ ಕೆಲಸ. ನಮಗೆ ಈ ತುಂಬುವುದಕ್ಕೇ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಆದರೂ ಆತುರ ಮಾಡಬೇಡಿ, ಹಾಸು ಮುಂದೆ ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಈ ಮಧ್ಯಾಹ್ನದಲ್ಲೇ ತೀರ್ಮಾನವಾಗುತ್ತದೆ.

ಎಷ್ಟು ಗಿಡಿದರೂ ಹಾಸಿನ ತಳಕ್ಕೂ ಪುಡಿಗೂ ನಡುವೆ ಅಲ್ಲಲ್ಲಿ ಸಣ್ಣ ಸಂದು ಉಳಿಯುತ್ತದೆ. ಅದಕ್ಕೆ ಸಿಮೆಂಟ್ ಗಂಜಿ. ಹ್ಯಾಮರ್ ಡ್ರಿಲ್ಲಿನಿಂದ 20 ಮಿಲಿಮೀಟರಿನ ನಾಲ್ಕು ತೂತು ಕೊರೆದು, ಒಡೆದ ಪಟ್ಟಿಯ ಕಡೆಯ ಬಾಯಿಗೆ ಅದೇ ಪುಡಿಯಿಂದ ಒಡ್ಡು ಕಟ್ಟಿ. ಒಂದು ಪಾಲು ಸಿಮೆಂಟ್, ಜರಡಿ ಹಿಡಿದ ನುಣುಪು ಮರಳು ಎರಡು ಪಾಲು, ನೀರುದೋಸೆ ಹಿಟ್ಟಿನ ಹದಕ್ಕೆ ಕಲಸಿ, ಲಾಳಿಕೆ ಇಟ್ಟು ಒಂದು ತೂತಿಗೆ ನಿಧಾನ ಸುರಿಯಿರಿ. ಪಕ್ಕದ ತೂತಿನಲ್ಲಿ ಗಂಜಿ ಮೇಲೆ ಬಂದು ಇಣುಕಿದರೆ ಮುಂದಿನದಕ್ಕೆ ಹೋಗಿ.

ಇಲ್ಲೊಂದು ಎಚ್ಚರಿಕೆ ಇದೆ, ಅದರ ಹಿಂದಿನ ಲೆಕ್ಕವೂ ಚೆಂದ ಇದೆ. ಎರಡೂವರೆ ಇಂಚಿನ ಹಾಸು ತನ್ನ ಅಡಿಯ ನೆಲವನ್ನು ಒತ್ತುವುದು ಚದರ ಮೀಟರಿಗೆ ಸುಮಾರು 150 ಕೆಜಿಯಷ್ಟು ಮಾತ್ರ. 3 ಇಂಚಿಗಿಂತ ತುಸು ಎತ್ತರ ನಿಂತ ಸಿಮೆಂಟ್ ಗಂಜಿಯ ಒತ್ತಡವೂ ಅಷ್ಟೇ. ಅಂದರೆ ಅಡಿಯೆಲ್ಲ ಗಂಜಿ ಹರಡಿ, ಎಲ್ಲೂ ಸೋರದೆ, ಲಾಳಿಕೆಯ ಪೈಪ್ ಒಂದಡಿ ಎತ್ತರ ಇದ್ದರೆ ಹಾಸು ತಾನಾಗಿ ತೇಲಿ ಮೇಲೇಳಬಹುದು. ಅಮೆರಿಕದಲ್ಲಿ ಕುಸಿದ ನಡೆದಾರಿಗಳನ್ನು ಎತ್ತುವುದೇ ಈ ತತ್ತ್ವದಿಂದ: ತೂತು ಕೊರೆದು ಪಂಪಿನಿಂದ ಮಣ್ಣು ಸಿಮೆಂಟಿನ ಗಂಜಿಯನ್ನೋ, ಉಬ್ಬುವ ಪಾಲಿಯುರಿಥೇನ್ ನೊರೆಯನ್ನೋ ಒಳಗೆ ಒತ್ತುತ್ತಾರೆ. ನಾವು ಹಾಸನ್ನು ಹಾರೆಯಿಂದ ಆಗಲೇ ಎತ್ತಿಯಾಗಿದೆ, ಗಂಜಿಯ ಕೆಲಸ ಸಂದು ತುಂಬುವುದಷ್ಟೇ. ಲಾಳಿಕೆಯನ್ನು ತೂತಿಗೆ ಅಂಟಿದಂತೆ ತಗ್ಗಾಗಿ ಹಿಡಿಯಿರಿ, ಸುರಿಯುವಾಗ ರಸಮಟ್ಟ ಹಾಸಿನ ಮೇಲೇ ಇರಲಿ.

ಒಂದಡಿ ಪಟ್ಟಿಗೆ ಹೊಸ ಕಾಂಕ್ರೀಟ್

ಮರುದಿನ ಪಟ್ಟಿಯ ಗುಂಡಿಯಲ್ಲಿ ಸಡಿಲ ಮಣ್ಣು ತೆಗೆದು, ಜಲ್ಲಿ ಮತ್ತು ಕಲ್ಲುಪುಡಿ ಬೆರೆಸಿ 3 ಇಂಚಿನ ಪದರಗಳಲ್ಲಿ ಹಾಕಿ ದಮ್ಮಸು ಹೊಡೆಯಿರಿ. ಮೇಲೆ 3 ಇಂಚು ಕಾಂಕ್ರೀಟಿಗೆ ಜಾಗ ಉಳಿಯಲಿ. ಹಳೆಯ ಹಾಸಿನ ಎರಡೂ ಅಂಚಿಗೆ ತೆಳುವಾದ ಥರ್ಮೊಕೋಲ್ ಪಟ್ಟಿ ನಿಲ್ಲಿಸಿ. ಹಳೆಯದು ಹೊಸದು ಅಂಟಿಕೊಳ್ಳಬಾರದು, ಅಂಟಿದರೆ ಒಂದು ಅಲುಗಿದಾಗ ಇನ್ನೊಂದು ಬಿರಿಯುತ್ತದೆ.

ಕಾಂಕ್ರೀಟ್ ಕಲಸುವ ಪಾಲು: ಸಿಮೆಂಟ್ ಒಂದಕ್ಕೆ ಎರಡು ಮರಳು, ನಾಲ್ಕು ಜಲ್ಲಿ. ಈ ಪಟ್ಟಿಗೆ ಸಿಮೆಂಟ್ 5 ಲೀಟರ್, ಎಂದರೆ ಸುಮಾರು 7 ಕೆಜಿ, ಮರಳು 10 ಲೀಟರ್, ಜಲ್ಲಿ 20 ಲೀಟರ್ ಸಾಕು. ಪೇಂಟ್ ಡಬ್ಬವನ್ನೇ ಅಳತೆಗೆ ಇಟ್ಟುಕೊಳ್ಳಿ. ನೀರು ಮೂರೂವರೆ ಲೀಟರಿನಿಂದ ಶುರುಮಾಡಿ. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಕರಣೆಗೆ ಸುಲಭವಾಗಲೆಂದು ನೀರು ಸುರಿಯುತ್ತ ಹೋಗುವುದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು, ಅದರಿಂದ ಮೇಲ್ಮೈ ಪುಡಿಯೇಳುತ್ತದೆ. ಹಾಕಿದ ಮೇಲೆ ಕಂಬಿಯಿಂದ ಚುಚ್ಚಿ ಗಾಳಿ ಹೊರಡಿಸಿ, ಮಟ್ಟಗೋಲಿನಿಂದ ಎಳೆದು, ನೀರಿನ ಹೊಳಪು ಆರಿದ ಮೇಲೆ ತೆಂಗಿನ ಪೊರಕೆಯಿಂದ ಅಡ್ಡಕ್ಕೆ ಒಮ್ಮೆ ಎಳೆಯಿರಿ. ನುಣ್ಣಗೆ ತಿಕ್ಕಬೇಡಿ. ಒದ್ದೆ ಕಾಲಿನಲ್ಲಿ ನಡೆಯುವವರಿಗೆ ಆ ಗೀರುಗಳೇ ಹಿಡಿತ.

ಚೀಲದ ಮೇಲೆ ಪಿಪಿಸಿ ಎಂದಿದ್ದರೆ 10 ದಿನ, ಒಪಿಸಿ ಎಂದಿದ್ದರೆ 7 ದಿನ ಗೋಣಿಚೀಲ ಹೊದಿಸಿ ನೀರುಣಿಸಿ. ಗೋಣಿ ಒಣಗಲು ಬಿಡಬೇಡಿ. ಎರಡು ದಿನ ಯಾರೂ ತುಳಿಯದಿರಲಿ, ಸ್ಕೂಟರ್ ಎರಡು ವಾರ ಆಚೆಯೇ ನಿಲ್ಲಲಿ.

ಕೊನೆಗೆ ಸಂದುಗಳು. ಡ್ರಿಲ್ ತೂತುಗಳಿಗೆ ಗಟ್ಟಿ ಗಾರೆ ಸಾಕು. ಗೋಡೆಯ ಗುಂಟದ ಅರ್ಧ ಇಂಚಿನ ಸಂದಿಗೆ ಮಾತ್ರ ಗಾರೆ ಹಾಕಬೇಡಿ, ವರ್ಷದೊಳಗೆ ಬಿರಿದು ನೀರು ಮತ್ತೆ ಪಾಯಕ್ಕೆ ಇಳಿಯುತ್ತದೆ. ಒಳಗೆ ಫೋಮ್ ಹುರಿ ಒತ್ತಿ, ಮೇಲೆ ಪಿಯು (ಪಾಲಿಯುರಿಥೇನ್) ಸೀಲೆಂಟ್ ಎಳೆಯಿರಿ. ರಬ್ಬರಿನಂತೆ ಹಿಗ್ಗಿ ಕುಗ್ಗುವುದರಿಂದ ಅದು ಬಿಡುವುದಿಲ್ಲ. ಸಂದು ಒಣಗಿ, ದೂಳಿಲ್ಲದೆ ಇದ್ದರೆ ಮಾತ್ರ ಹಿಡಿಯುತ್ತದೆ, ಆದ್ದರಿಂದ ಈ ಕೆಲಸ ನೀರುಣಿಸುವುದು ಮುಗಿದು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ.

ಎಲ್ಲ ಆದ ಮೇಲೆ ಗೋಡೆಯ ಬುಡದಲ್ಲಿ ಎರಡು ಬಕೆಟ್ ನೀರು ಸುರಿದು ನೋಡಿ. ನೀರು ನಿಲ್ಲದೆ ಕಾಂಪೌಂಡಿನ ಕಡೆ ಓಡಬೇಕು. ಗೋಡೆಯ ಪೆನ್ಸಿಲ್ ಗುರುತನ್ನು ಅಳಿಸಬೇಡಿ, ಮೊದಲ ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲೊಮ್ಮೆ ಅಳೆಯಿರಿ. ಕಾಲು ಇಂಚಿನೊಳಗೆ ಇಳಿದಿದ್ದರೆ ಚಿಂತೆಯಿಲ್ಲ, ಅಷ್ಟನ್ನು ಮೊದಲೇ ಎತ್ತರಿಸಿದ್ದೆವಲ್ಲ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ನೀರು ಬೇರೆ ಯಾವುದೋ ದಾರಿಯಿಂದ ಇನ್ನೂ ಒಳಗೆ ಹೋಗುತ್ತಿದೆ. ಛೇಂಬರ್ ಮುಚ್ಚಳ ಮತ್ತೊಮ್ಮೆ ತೆಗೆಯಿರಿ.